ತಗಡಿನ ಕೊಳವೆಯಲ್ಲಿ ಹದಿನೇಳು ಕಂಪನ

ಜಗಳೂರು, ಹೊನ್ನಾಳಿ: ಹೊರಡುವ ಮೊದಲು

ಈ ಪ್ರಯಾಣದ ಡೈರಿಯಲ್ಲಿ ನಾನು ಬರೆದ ಮೊದಲ ಸಾಲು: ‘ಕೊಳವೆ ಒಂದು. ಉದ್ದ ಮೂರು ಅಡಿ. ಮುಚ್ಚಳ ಎರಡು.’ ಪಾಸ್‌ಪೋರ್ಟು, ಸ್ವೆಟರು, ಮಾತ್ರೆಗಳೆಲ್ಲ ಅದರ ಕೆಳಗೆ ಬರುತ್ತವೆ.

ಜಗಳೂರಿನಲ್ಲಿ ಅಪ್ಪನದು ವೆಲ್ಡಿಂಗ್ ಅಂಗಡಿ. ಗೋದಾಮು, ಕುರಿ ಶೆಡ್ಡು, ಛತ್ರಗಳಿಗೆ ತಗಡಿನ ಚಾವಣಿ ಹಾಕುವುದು ಅವರ ಕಸುಬು. ಜರ್ಮನಿಗೆ ಒಂದು ದೊಡ್ಡ ಪೋಸ್ಟರ್ ಒಯ್ಯಬೇಕು, ಅದನ್ನು ಮಡಚುವಂತಿಲ್ಲ, ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿ ಇಡುತ್ತೇನೆ ಎಂದಾಗ ಅವರು ಒಪ್ಪಲಿಲ್ಲ. “ರಟ್ಟು ದಾವಣಗೆರೆ ಮುಟ್ಟೋದ್ರೊಳಗೆ ಅಪ್ಪಚ್ಚಿ ಆಗ್ತೈತೆ ತಾಯಿ. ನಾನು ಮಾಡಿ ಕೊಡ್ತೀನಿ, ಅದರ ಮೇಲೆ ಯಾರು ಕುಂತ್ರೂ ಏನೂ ಆಗಲ್ಲ,” ಎಂದರು. ಚನ್ನಗಿರಿಯ ಒಂದು ಛತ್ರಕ್ಕೆ ಚಾವಣಿ ಹಾಕಿ ಉಳಿದಿದ್ದ ತಗಡನ್ನು ಬಗ್ಗಿಸಿ, ಅಂಚು ಮಡಿಸಿ, ಭುಜಕ್ಕೆ ಹಾಕಿಕೊಳ್ಳಲು ಬೆಲ್ಟನ್ನೂ ಕೂಡಿಸಿದರು.

ಆ ಪೋಸ್ಟರಿನ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ ‘ಮಂಗಳ ಗ್ರಹದ ಹದಿನೇಳು ಸಣ್ಣ ಕಂಪನಗಳು’. ಮಂಗಳದ ನೆಲದ ಮೇಲೆ ಕೆಲವು ವರ್ಷ ಒಂದೇ ಒಂದು ಕಂಪನಮಾಪಕ ಕೂತು ಕೆಲಸ ಮಾಡಿತು. ಕೊನೆಗೆ ಅದಕ್ಕೆ ವಿದ್ಯುತ್ ಕೊಡುವ ಸೌರಫಲಕಗಳ ಮೇಲೆ ಧೂಳು ಕೂತು ಅದು ಸುಮ್ಮನಾಯಿತು. ಅಷ್ಟರೊಳಗೆ ಅದು ಕಳುಹಿಸಿದ ದಾಖಲೆ ಯಾರು ಬೇಕಾದರೂ ಇಳಿಸಿಕೊಂಡು ನೋಡುವಂತೆ ಅಂತರ್ಜಾಲದಲ್ಲಿದೆ. ಗ್ರಹ ಎಲ್ಲೋ ನಡುಗಿದಾಗ ಹೊರಡುವ ಅಲೆ ಒಳಗಿಳಿದು, ಗ್ರಹದ ನಟ್ಟನಡುವಿನ ಲೋಹದ ಗಡ್ಡೆಗೆ ಬಡಿದು ಮರಳಿ ಬರುತ್ತದೆ. ಅದು ತೆಗೆದುಕೊಂಡ ಹೊತ್ತಿನಿಂದ ಆ ಗಡ್ಡೆ ಎಷ್ಟು ಆಳದಲ್ಲಿದೆ, ಗಟ್ಟಿಯೋ ದ್ರವವೋ ಎಂದು ಲೆಕ್ಕ ಹಾಕುತ್ತಾರೆ. ಮಂಗಳದ ಗರ್ಭದಲ್ಲಿ ಕರಗಿದ ಲೋಹವಿದೆ ಎಂಬುದು ತಿಳಿದದ್ದು ಹೀಗೆಯೇ. ಯಾರ ಪಟ್ಟಿಯಲ್ಲೂ ಇಲ್ಲದ ಹದಿನೇಳು ಪುಟ್ಟ ಕಂಪನಗಳು, ಪ್ರತಿಯೊಂದರ ಹಿಂದೆ ಒಂದು ಸಣ್ಣ ಮರುದನಿ, ನನಗೆ ಕಂಡಿದ್ದವು.

ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅದೇ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು ನ್ಯಾಮತಿಯ ಶಾಹಿದಾ ಮೇಡಂ. ಮೂವತ್ತೊಂದು ವರ್ಷ ಪಾಠ ಮಾಡಿದ್ದಾರೆ, ಈ ಜುಲೈಗೆ ನಿವೃತ್ತಿ. ಅವರ ಹೆಸರಿನಲ್ಲಿ ಒಂದೂ ಸಂಶೋಧನಾ ಲೇಖನ ಅಚ್ಚಾಗಿಲ್ಲ. ಮಂಗಳದ ದಾಖಲೆಯನ್ನು ನನಗೆ ತೋರಿಸಿದವರು ಅವರೇ. ಎರಡು ಬೇಸಿಗೆ ರಜೆ ಇಬ್ಬರೂ ಕೂತು ಕೆಲಸ ಮಾಡಿದೆವು. ಪೋಸ್ಟರಿನಲ್ಲಿ ಅವರ ಹೆಸರನ್ನು ಮೊದಲು ಹಾಕಿದ್ದೆ. ಅವರು ಅದನ್ನು ಕೆಳಕ್ಕಿಳಿಸಿದರು. “ಎಣಿಸಿದಾಕಿ ನೀನು. ನಿನ್ನ ಹೆಸರು ಮೇಲಿರ್ಲಿ ರೇಣುಕಾ,” ಎಂದರು.

ಜರ್ಮನಿಯ ಒಂದು ಸಂಸ್ಥೆ ಗ್ರಹಗಳ ಒಡಲನ್ನು ಕುರಿತು ನಾಲ್ಕು ದಿನದ ಕಾರ್ಯಾಗಾರ ಇಟ್ಟಿತ್ತು. ನಮ್ಮ ಸಾರಾಂಶ ಓದಿ ಇಬ್ಬರನ್ನೂ ಕರೆದರು. ಹದಿನೇಳೂ ನಿಜವೆಂದು ನಿಂತರೆ ಅದು ಲೇಖನವಾಗುತ್ತದೆ, ಮೇಡಂ ನಿವೃತ್ತಿಯ ವರ್ಷವೇ ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡುತ್ತಾರೆ. ನನಗೆ ಅದೇ ಸಂಸ್ಥೆಯಲ್ಲಿ ಮೂರು ವರ್ಷದ ಸಂಶೋಧನೆಯ ಸೀಟಿಗೆ ಸಂದರ್ಶನವೂ ಇತ್ತು. ಎರಡೂ ಆ ಕೊಳವೆಯೊಳಗೆ ಸುತ್ತಿಕೊಂಡು ಕೂತಿದ್ದವು.

ಜೂನ್ 14, ಭಾನುವಾರ: ಸದ್ದಿಲ್ಲದ ಊರು

ವಿಮಾನ ನಿಲ್ದಾಣಗಳಲ್ಲಿ ಕೊಳವೆಯನ್ನು ತೆರೆಸಿ ನೋಡಿದವರು ಐವರು. ನೋಡಿ ನಕ್ಕವರು ಇಬ್ಬರು. “ನಿಮ್ಮಪ್ಪ ಇದಕ್ಕೆ ಎರಡು ಚಕ್ರ ಹಾಕಿಬಿಟ್ಟಿದ್ರೆ ಫಿರಂಗಿನೇ ಆಗ್ತಿತ್ತು ನೋಡು,” ಎಂದರು ಮೇಡಂ. ಅವರಿಗೂ ನನಗೂ ಅದು ಮೊದಲ ವಿಮಾನ. ಕೈಚೀಲದಲ್ಲಿ ತಂದಿದ್ದ ಮಂಡಕ್ಕಿಯನ್ನು ಅವರು ಕಿಟಕಿಯ ಕಡೆ ತಿರುಗಿ, ಯಾರಿಗೂ ಕಾಣದ ಹಾಗೆ ತಿನ್ನುತ್ತಿದ್ದರು. ಕಾಣದಿದ್ದರೂ ಕರುಂ ಕುರುಂ ಕೇಳುತ್ತಿತ್ತು.

ನಾವು ಇಳಿದ ಊರು ಕಾಡುಗುಡ್ಡಗಳ ನಡುವೆ ಇದೆ. ಅಲ್ಲಿಯ ಮೌನ ನನ್ನನ್ನು ಹೆದರಿಸಿತು. ನಮ್ಮ ಬಸ್ ನಿಲ್ದಾಣದಲ್ಲಿ ಹಾರ್ನು, ಕಂಡಕ್ಟರನ ಸೀಟಿ, ಮೊಬೈಲ್ ಹಾಡು ಎಲ್ಲ ಸೇರಿ ಒಂದು ಗೋಡೆಯ ಹಾಗೆ ಬೆನ್ನಿಗಿರುತ್ತದೆ. ಇಲ್ಲಿ ಒರಗಲು ಏನೂ ಇರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಮೇಡಂ ಎರಡು ಖಾಲಿ ಬಾಟಲಿಗಳನ್ನು ರಸ್ತೆಯ ಕೊನೆಯಲ್ಲಿದ್ದ ಗಾಜು ಸಂಗ್ರಹಿಸುವ ಡಬ್ಬಿಗೆ ಹಾಕಲು ಹೋದರು. ಒಂದು ಹಾಕಿದರು, ಒಳಗೆ ಠಳ್ ಎಂದಿತು. ಎದುರು ಮನೆಯ ಕಿಟಕಿ ತೆರೆಯಿತು. ಮುದುಕರೊಬ್ಬರು ಬೆರಳು ಆಡಿಸಿ ಏನೋ ಹೇಳಿದರು. ಅತಿಥಿಗೃಹದವರನ್ನು ಕೇಳಿದ ಮೇಲೆ ತಿಳಿಯಿತು: ಭಾನುವಾರ ಅಲ್ಲಿ ಸದ್ದು ಮಾಡುವಂತಿಲ್ಲ. ಗೋಡೆಗೆ ತೂತು ಕೊರೆಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಬಾಟಲಿ ಒಡೆಯುವಂತಿಲ್ಲ. ಇನ್ನೊಂದು ಬಾಟಲಿಯನ್ನು ಮೇಡಂ ದುಪಟ್ಟಾದಲ್ಲಿ ಸುತ್ತಿ ವಾಪಸು ತಂದರು.

ರಾತ್ರಿ ಎಂಟಕ್ಕೂ ಬೆಳಕಿತ್ತು. ಕೋಣೆಯ ಕಿಟಕಿಕಟ್ಟೆಯ ಮೇಲೆ ನಿಲ್ಲಿಸಿದ್ದ ಕೊಳವೆಯ ಮೇಲಿಂದ ಬಿಸಿಲು ಸರಿದು ಗುಡ್ಡದ ಆಚೆ ಹೋಯಿತು. ಸ್ವಲ್ಪ ಹೊತ್ತಿಗೆ ಕೊಳವೆ ‘ಟಿಕ್’ ಎಂದಿತು. ಸುಮ್ಮನೆ ಡೈರಿಯಲ್ಲಿ ಬರೆದೆ: ‘8.04. ತಗಡು ಅಂದಿತು.’ ನಮ್ಮೂರಿನ ಸದ್ದೊಂದು ಕೇಳಿ ಸಮಾಧಾನವಾಗಿತ್ತು, ಅಷ್ಟೆ.

ಜೂನ್ 15, ಸೋಮವಾರ: ಗಣಿಯ ಬಾಗಿಲು

ಮೊದಲ ದಿನವೇ ನಮ್ಮನ್ನು ಒಂದು ಕಂಪನ ಕೇಂದ್ರಕ್ಕೆ ಕರೆದೊಯ್ದರು. ಗುಡ್ಡದ ಹೊಟ್ಟೆಯಲ್ಲಿ ಒಂದು ಹಳೆಯ ಗಣಿ. ಅದರ ತುದಿಯಲ್ಲಿ, ಎರಡು ಬಾಗಿಲುಗಳ ಆಚೆ, ಬಂಡೆಯ ಮೇಲೆ ಕಂಪನಮಾಪಕಗಳು ಕೂತಿವೆ. ಅಲ್ಲಿಗೆ ಯಾರೂ ಹೋಗುವಂತಿಲ್ಲ. ಮನುಷ್ಯನ ಮೈಬಿಸಿಯೂ ಅವಕ್ಕೆ ತೊಂದರೆಯಂತೆ. ಗಣಿಯ ಬಾಯಿಯಲ್ಲಿರುವ ಕೋಣೆಯಲ್ಲಿ ಪರದೆಯ ಮೇಲೆ ಗೆರೆ ಓಡುವುದನ್ನು ನೋಡಬಹುದು.

ಕೇಂದ್ರವನ್ನು ನೋಡಿಕೊಳ್ಳುವವರು ಹೆಲ್ಗಾ ಎಂಬ ಹಿರಿಯ ಹೆಂಗಸು. ಒಳಗೆ ಬಂದ ಪ್ರತಿಯೊಬ್ಬರೂ ಅವರ ಪುಸ್ತಕದಲ್ಲಿ ಬರೆಯಬೇಕು: ಹೆಸರು, ಬಂದ ಹೊತ್ತು, ಹೋದ ಹೊತ್ತು, ಕೊನೆಯ ಕಾಲಮ್ಮಿನಲ್ಲಿ ‘ಮಾಡಿದ ಸದ್ದು’. ನಮ್ಮಲ್ಲಿ ಭೇಟಿಯ ಪುಸ್ತಕದಲ್ಲಿ ‘ಅಭಿಪ್ರಾಯ’ ಎಂಬ ಕಾಲಮ್ಮಿರುತ್ತದೆ, ಎಲ್ಲರೂ ತುಂಬಾ ಚೆನ್ನಾಗಿದೆ ಎಂದು ಬರೆದು ಹೋಗುತ್ತಾರೆ. ಇಲ್ಲಿ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ಯಂತ್ರ ಏನು ಕೇಳಿಸಿಕೊಂಡರೂ ಅದು ಭೂಮಿಯದೋ ನಮ್ಮದೋ ಎಂದು ಬೇರ್ಪಡಿಸಲು ಈ ಪುಸ್ತಕ.

ನಾನು ಬಗ್ಗಿ ಹೆಸರು ಬರೆಯುವಾಗ ಭುಜದಿಂದ ಕೊಳವೆ ಜಾರಿ ಕಲ್ಲುನೆಲಕ್ಕೆ ಬಿತ್ತು. ಗಣಿಯ ತುಂಬ ಅದರ ಸದ್ದು ಉರುಳಿಕೊಂಡು ಹೋಯಿತು. ಪರದೆಯ ಮೇಲಿನ ಗೆರೆ ಒಂದು ಕ್ಷಣ ಮುಳ್ಳಿನ ಹಾಗೆ ಎದ್ದು ಕೂತಿತು. ಯಾರೂ ಬೈಯಲಿಲ್ಲ. ಹೆಲ್ಗಾ ಗಡಿಯಾರ ನೋಡಿ, ಪೆನ್ನನ್ನು ನನ್ನ ಕಡೆ ತಳ್ಳಿದರು. ನಾನು ಬರೆದೆ: ‘ತಗಡಿನ ಕೊಳವೆ, ಒಮ್ಮೆ.’ “ನಿಮ್ಮಪ್ಪನ ಸದ್ದು ಜರ್ಮನಿ ದಾಖಲೆ ಸೇರ್ತಲ್ಲಮ್ಮಾ,” ಎಂದು ಮೇಡಂ ಕಿವಿಯಲ್ಲಿ ಹೇಳಿದರು.

ಹಳೆಯ ಪುಟಗಳನ್ನು ತಿರುವಲು ಹೆಲ್ಗಾ ಬಿಟ್ಟರು, ಅವರೇ ಓದಿ ಅರ್ಥ ಹೇಳಿದರು. ಚಾವಣಿಯಿಂದ ಹಿಮ ಜಾರಿತು. ಜಿಂಕೆಗಳು, ನಾಲ್ಕೋ ಐದೋ. ಮರ ಸಾಗಿಸುವ ಲಾರಿ. ಒಂದು ಕಡೆ ಚರ್ಚಿನ ಗಂಟೆ, ಹನ್ನೊಂದು ನಿಮಿಷ. ಅದು ತಮ್ಮ ಗಂಡನನ್ನು ಮಣ್ಣು ಮಾಡಿದ ದಿನ ಎಂದರು. ಮಣ್ಣು ಮುಗಿಸಿ ನೇರ ಇಲ್ಲಿಗೆ ಬಂದು ಅದನ್ನು ಬರೆದು, ಆಮೇಲೆ ಮನೆಗೆ ಹೋದರಂತೆ. ಮೇಡಂ ಪುಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಹೊರಬಾಗಿಲಿನ ಸದ್ದು ಬರೆದ ಸಾಲುಗಳಲ್ಲಿ ಮಾತ್ರ ಹೊತ್ತಿನ ಪಕ್ಕದಲ್ಲಿ ಇನ್ನೊಂದು ಅಂಕಿಯಿತ್ತು. ಯಾಕೆಂದು ಕೇಳಿದೆ. ಗಣಿಯ ಹೊರಬಾಗಿಲು ಕಬ್ಬಿಣದ್ದು. ದಿನವೆಲ್ಲ ಕಾದು, ಬಿಸಿಲು ಇಳಿದ ಮೇಲೆ ತಣಿಯುವಾಗ ಟಿಕ್ ಎನ್ನುತ್ತದೆ. ಗಡಿಯಾರದ ಹೊತ್ತು ಮಾತ್ರ ಬರೆದರೆ ಜೂನಿನಲ್ಲೊಂದು, ಡಿಸೆಂಬರಿನಲ್ಲೊಂದು, ಏನೂ ತಾಳಮೇಳ ಇಲ್ಲದ ಹಾಗೆ ಕಾಣುತ್ತದೆ. ಬಿಸಿಲು ಹೋಗಿ ಎಷ್ಟು ನಿಮಿಷವಾಯಿತು ಎಂದು ಪಕ್ಕದಲ್ಲಿ ಬರೆದರೆ, ದಿನವೂ ಒಂದೇ. “ಬಾಗಿಲಿಗೆ ನನ್ನ ಗಡಿಯಾರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಿಸಿಲು,” ಎಂದರು ಹೆಲ್ಗಾ.

ಆ ಮಾತನ್ನು ಚೆನ್ನಾಗಿದೆ ಎಂದು ಡೈರಿಯಲ್ಲಿ ಬರೆದುಕೊಂಡೆ. ಅದು ನನಗೇ ಹೇಳಿದ್ದು ಎಂದು ಆಗ ಹೊಳೆಯಲಿಲ್ಲ.

ಜೂನ್ 16, ಮಂಗಳವಾರ: ಹದಿನಾರು ಭಾಗಾಕಾರ

ಹಗಲೆಲ್ಲ ಉಪನ್ಯಾಸ ಕೇಳಿ ಸಂಜೆ ಕೋಣೆಗೆ ಬಂದೆ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಮರುದಿನ ಪೋಸ್ಟರ್ ತೂಗುಹಾಕುವ ದಿನ. ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದೆ. ಅದರಲ್ಲಿ ನನಗೆ ಹೆಮ್ಮೆಯ ಒಂದು ವಾಕ್ಯವಿತ್ತು: ‘ಈ ಹದಿನೇಳು ಕಂಪನಗಳು ದಿನದ ಎಲ್ಲ ಹೊತ್ತಿನಲ್ಲೂ ಹರಡಿಕೊಂಡಿವೆ, ಆದ್ದರಿಂದ ಇವು ಯಂತ್ರದ ದೋಷವಲ್ಲ.’ ಯಂತ್ರದ ದೋಷವಾದರೆ ಬಿಸಿಲು ಚಳಿಗೆ ತಕ್ಕಂತೆ ಒಂದೇ ಹೊತ್ತಿಗೆ ಬರಬೇಕು. ನನ್ನ ಪಟ್ಟಿಯಲ್ಲಿ ಒಂದು ಬೆಳಗಿನ ಜಾವ, ಒಂದು ಮಧ್ಯಾಹ್ನ ಊಟದ ಹೊತ್ತು, ಒಂದು ದೀಪ ಹಚ್ಚುವ ಹೊತ್ತು.

ಬಿಸಿಲು ಸರಿಯಿತು. ಕೊಳವೆ ಟಿಕ್ ಎಂದಿತು. ಡೈರಿ ತೆಗೆದು ಬರೆದೆ: ‘8.05.’ ಮೇಲಿನ ಸಾಲುಗಳನ್ನು ನೋಡಿದೆ. ಭಾನುವಾರ 8.04. ಸೋಮವಾರ 8.04.

ಚಿಕ್ಕಂದಿನಿಂದ ಈ ಸದ್ದು ಕೇಳಿಯೇ ಬೆಳೆದವಳು ನಾನು. ಅಂಗಡಿಯ ಚಾವಣಿ ಬಿಸಿಲು ಇಳಿದ ಮೇಲೆ ಟಕ್ ಟಕ್ ಎನ್ನುತ್ತದೆ. ಅದಕ್ಕೆಂದೇ ಅಪ್ಪ ಬೋಲ್ಟಿನ ತೂತನ್ನು ಒಂಚೂರು ದೊಡ್ಡದು ಹೊಡೆಯುತ್ತಾರೆ, ತಗಡಿಗೆ ಮೈ ಮುರಿಯಲು ಜಾಗ ಬೇಕು ಎನ್ನುತ್ತಾರೆ. ಹೆಲ್ಗಾ ಅವರ ಬಾಗಿಲೂ ಅದೇ. ಕಂಪನಗಳ ಪಟ್ಟಿಯನ್ನು ಎಳೆದುಕೊಂಡೆ. ನನ್ನ ಪಟ್ಟಿಯ ಹೊತ್ತುಗಳು ಯಾರ ಹೊತ್ತುಗಳು?

ಮಂಗಳದ ದಾಖಲೆ ಭೂಮಿಯ ಗಡಿಯಾರದಲ್ಲಿ ಬರುತ್ತದೆ. ಡೈರಿಗೆ ಇಳಿಸಲು ಅನುಕೂಲ ಎಂದು ನಾನು ಅದಕ್ಕೆ ಐದೂವರೆ ಗಂಟೆ ಕೂಡಿಸಿ ಭಾರತದ ಸಮಯ ಮಾಡಿಕೊಂಡಿದ್ದೆ. ಆದರೆ ಮಂಗಳದ ಒಂದು ದಿನ ಇಪ್ಪತ್ನಾಲ್ಕು ಗಂಟೆ ಮೂವತ್ತೊಂಬತ್ತು ನಿಮಿಷ, ಮೇಲೆ ಮೂವತ್ತೈದು ಸೆಕೆಂಡು. ಅಲ್ಲಿ ದಿನವೂ ಸಂಜೆ ಒಂದೇ ಹೊತ್ತಿಗೆ ಆಗುವುದು, ಜಗಳೂರಿನ ಗಡಿಯಾರದಲ್ಲಿ ದಿನಕ್ಕೆ ನಲವತ್ತು ನಿಮಿಷ ಮುಂದೆ ಮುಂದೆ ಸರಿಯುತ್ತದೆ. ಐದಾರು ವಾರ ಕಳೆಯುವುದರೊಳಗೆ ಬೆಳಗು, ಮಧ್ಯಾಹ್ನ, ರಾತ್ರಿ ಎಲ್ಲವನ್ನೂ ಸುತ್ತಿಬಿಡುತ್ತದೆ.

ಹದಿನೇಳು ಕಂಪನಗಳ ನಡುವೆ ಹದಿನಾರು ಅಂತರ. ಮೊದಲ ಅಂತರವನ್ನು ಮಂಗಳದ ದಿನದಿಂದ ಭಾಗಿಸಿದೆ. ಹನ್ನೊಂದು, ಶೇಷ ಇಲ್ಲ. ಎರಡನೆಯದು ನಾಲ್ಕು, ಶೇಷ ಇಲ್ಲ. ಮೂರನೆಯದು ಇಪ್ಪತ್ತಮೂರು, ಮೂರು ನಿಮಿಷ ಹೆಚ್ಚು. ಹದಿನಾರನ್ನೂ ಮಾಡಿದೆ, ಮೊದಲಿನಿಂದ ಇನ್ನೊಮ್ಮೆ ಮಾಡಿದೆ. ಒಂದೂ ತಪ್ಪಿಸಿಕೊಳ್ಳಲಿಲ್ಲ. ಎಲ್ಲವೂ ಮಂಗಳದಲ್ಲಿ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಆದವು. ಅಲ್ಲಿಯ ಯಂತ್ರದ ಯಾವುದೋ ಲೋಹ ತಣಿದು ಟಿಕ್ ಎಂದಿತ್ತು. ನಾನು ಮರುದನಿ ಎಂದುಕೊಂಡದ್ದು ಆ ಟಿಕ್ಕಿನದೇ ಅದುರುವಿಕೆ.

ಡೈರಿಯಲ್ಲಿ ಬರೆದೆ: ‘ಕಂಪನ ಹದಿನೇಳು. ಕಳೆದದ್ದು ಹದಿನೇಳು. ಉಳಿದದ್ದು ಸೊನ್ನೆ.’

ಜೂನ್ 17, ಬುಧವಾರ: ಪೋಸ್ಟರಿನ ಮುಂದೆ

ತಿಂಡಿಯ ಮೇಜಿನಲ್ಲಿ ಮೇಡಂಗೆ ಹೇಳಿದೆ. ಅವರು ಬ್ರೆಡ್ಡಿಗೆ ನಮ್ಮ ಶೇಂಗಾ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದರು. ಪೂರ್ತಿ ಕೇಳಿ, ಕೈ ಒರೆಸಿಕೊಂಡು, ಪೆನ್ನು ಕೇಳಿದರು. ಕಾಗದದ ಕರವಸ್ತ್ರದ ಮೇಲೆ ಮೂರು ಭಾಗಾಕಾರ ತಾವೇ ಮಾಡಿದರು, ಪರೀಕ್ಷೆಯಲ್ಲಿ ಉತ್ತರ ತಿದ್ದುವ ಹಾಗೆ, ಪ್ರತಿ ಹೆಜ್ಜೆಗೂ ಗುರುತು ಹಾಕುತ್ತಾ. ನಾಲ್ಕನೆಯದನ್ನು ಶುರುಮಾಡಿ ಬಿಟ್ಟರು.

“ಅಂದ್ರೆ ಎರಡು ವರ್ಷ ನಾವು ಎಣಿಸಿದ್ದು ಮಂಗಳದ ಸಂಜೆಗಳು,” ಎಂದರು.

ನಾನು ಆಗ ಒಂದು ಮಾತು ಆಡಿದೆ. ಬಿಟ್ಟುಬಿಡಬಹುದಿತ್ತು, ಆದರೆ ಡೈರಿಯಲ್ಲಿದೆ, ಇಲ್ಲೂ ಇರಲಿ. ಪೋಸ್ಟರುಗಳು ಅರವತ್ತಕ್ಕೂ ಹೆಚ್ಚಿದ್ದವು. ನಮ್ಮದರ ಮುಂದೆ ಎಷ್ಟು ಜನ ನಿಲ್ಲುತ್ತಾರೆ? ಸಂದರ್ಶನ ಅದೇ ಮಧ್ಯಾಹ್ನ. “ಯಾರೂ ಕೇಳ್ದೇ ಹೋದ್ರೆ, ಮೇಡಂ?” ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು. “ಯಾರೂ ಕೇಳ್ದೇ ಹೋದ್ರೆ ಇವು ಕಂಪನ ಆಗೇ ಉಳೀತಾವೆ ರೇಣುಕಾ. ನಿನ್ನಂಗೇ ಒಬ್ಬಾಕಿ ಎಲ್ಲೋ ಕುಂತು ಇದನ್ನ ನಂಬಿ ಆ ಗ್ರಹದ ಹೊಟ್ಟೆ ಅಳೆಯಾಕೆ ಹೋಗ್ತಾಳೆ. ಅಲ್ಲಿ ಹೆಲ್ಗಾ ಇಲ್ಲ, ಪುಸ್ತಕ ಬರೆಯಾಕೆ. ನಾವೇ ಬರೀಬೇಕು.”

ಪೋಸ್ಟರನ್ನು ತೂಗುಹಾಕಿದೆವು. ಮೇಡಂ ಪರ್ಸಿನಿಂದ ಕೆಂಪು ಮಾರ್ಕರ್ ತೆಗೆದು, ಶೀರ್ಷಿಕೆಯಲ್ಲಿ ಕಂಪನಗಳು ಎಂಬ ಇಂಗ್ಲಿಷ್ ಪದವನ್ನು ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಸಂಜೆಗಳು ಎಂದು ಬರೆದರು. ‘ಮಂಗಳ ಗ್ರಹದ ಹದಿನೇಳು ಸಣ್ಣ ಸಂಜೆಗಳು’ ಎಂದಾಯಿತು. ಆಮೇಲೆ ತಮ್ಮ ಹೆಸರಿನಿಂದ ಒಂದು ಬಾಣ ಎಳೆದು ನನ್ನ ಹೆಸರಿನ ಮೇಲಕ್ಕೆ ಒಯ್ದರು.

“ಇದೇನ್ರಿ ಮೇಡಂ?”

“ಸರಿ ಇದ್ದಾಗ ನೀನು ಮುಂದೆ ಇದ್ದಿ. ತಪ್ಪಾದಾಗ ಹಿರಿಯರು ಮುಂದೆ ಇರ್ಬೇಕು. ಸುಮ್ನೆ ನಿಂತ್ಕೋ.”

ನಮ್ಮ ಮುಂದೆ ನಿಂತವರು ಒಂಬತ್ತು ಜನ. ಕೆಂಪು ಗೆರೆ ನೋಡಿಯೇ ಕೆಲವರು ನಿಂತರು. ಪ್ರತಿಯೊಬ್ಬರಿಗೂ ನಾನೇ ಮೊದಲು ಬಾಯಿ ತೆರೆದು, ಎಣಿಸಿದವಳು ನಾನು, ಗಡಿಯಾರದ ತಪ್ಪು ನನ್ನದು ಎಂದೆ. ಆರನೆಯವರಿಗೆ ಹೇಳುವ ಹೊತ್ತಿಗೆ ಅದನ್ನು ಎರಡೇ ವಾಕ್ಯದಲ್ಲಿ ಹೇಳಲು ಬರುತ್ತಿತ್ತು. ಒಬ್ಬ ಯುವಕ ತಾನೂ ಇಂಥದ್ದೇ ಒಂದನ್ನು ನಂಬಿದ್ದೆ ಎಂದು ಹೇಳಿ, ಎಷ್ಟು ತಿಂಗಳು ಎಂಬುದನ್ನು ಮಾತ್ರ ಹೇಳದೆ ಹೋದ.

ಸಂದರ್ಶನದಲ್ಲಿ ಕೇಳಿದ್ದು ಹೆಚ್ಚೇನೂ ಇಲ್ಲ. ತಪ್ಪು ಹೇಗೆ ತಿಳಿಯಿತು ಎಂದರು. ಕೊಳವೆಯನ್ನು ಮೇಜಿನ ಮೇಲಿಟ್ಟು ಹೇಳಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು ಅಂಚಿನ ಮಡಿಕೆಯನ್ನು ಬಹಳ ಹೊತ್ತು ನೋಡಿದರು. ಸೀಟು ಬೇರೆಯವರಿಗೆ ಆಯಿತೆಂದು ನಾನು ಊರಿಗೆ ಬಂದ ಮೇಲೆ ಪತ್ರ ಬಂತು.

ಜೂನ್ 18, ಗುರುವಾರ: ಮತ್ತೆ ಗಣಿ

ಕೊನೆಯ ದಿನ ಬೇರೆಯವರು ಪೇಟೆಗೆ ಹೋದರು. ಮೇಡಂ ಗಣಿಗೆ ಹೋಗೋಣ ಎಂದರು. ಕೊಳವೆಯನ್ನು ಕೋಣೆಯಲ್ಲೇ ಬಿಟ್ಟೆ. ಹೆಲ್ಗಾ ಚಹಾ ಕೊಟ್ಟರು. ಪೋಸ್ಟರಿನ ವಿಷಯ ಅವರಿಗೆ ಗೊತ್ತಾಗಿತ್ತು. ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಹನ್ನೊಂದು ಗಂಟೆ ದಾಟಿತ್ತು. ಪರದೆಯ ಮೇಲೆ ನೂಲಿನ ಹಾಗೆ ಓಡುತ್ತಿದ್ದ ಗೆರೆ ಸಣ್ಣಗೆ ದಪ್ಪವಾಯಿತು, ಆಮೇಲೆ ಎದ್ದಿತು. ಹೆಲ್ಗಾ ಕೈ ಎತ್ತಿದರು. ಆ ಕೇಂದ್ರದಲ್ಲಿ ಒಂದು ಪದ್ಧತಿಯಿದೆ. ದೂರದ ಭೂಕಂಪದ ಅಲೆ ಬರತೊಡಗಿದರೆ ಒಳಗಿದ್ದವರು ಇದ್ದಲ್ಲೇ ನಿಲ್ಲಬೇಕು. ಅದು ಇಳಿಯುವವರೆಗೆ ಯಾರೂ ನಡೆಯುವುದಿಲ್ಲ, ಕಪ್ಪು ಕೆಳಗಿಡುವುದಿಲ್ಲ. ನಾವು ಮೂವರೂ ನಿಂತೆವು. ಹೆಲ್ಗಾ ಗೆರೆಯ ಆಕಾರ ನೋಡಿ ಪಿಸುಗುಟ್ಟಿದರು: ಇದು ಭೂಮಿಯ ಆಚೆ ಬದಿಯದು, ಪೆಸಿಫಿಕ್ ದ್ವೀಪಗಳ ಕಡೆಯದು. ಹೊರಟು ಇಪ್ಪತ್ತು ನಿಮಿಷವಾಗಿರಬೇಕು. ನಡುವಿನ ಗಡ್ಡೆಯನ್ನು ಹಾಯ್ದು ಬಂದಿದೆ.

ನಾನು ಮೇಡಂ ಕಡೆ ನೋಡಿದೆ. ಹೊನ್ನಾಳಿಯಲ್ಲಿ ಪ್ರತಿ ವರ್ಷ ಅವರು ಸೀಮೆಸುಣ್ಣಕ್ಕೆ ದಾರ ಕಟ್ಟಿ ಹಲಗೆಯ ಮೇಲೆ ಒಂದು ದೊಡ್ಡ ವೃತ್ತ ಎಳೆಯುತ್ತಿದ್ದರು, ಒಳಗೊಂದು ಸಣ್ಣ ವೃತ್ತ. ಒಂದು ತುದಿಯಿಂದ ಗೆರೆಗಳನ್ನು ಹೊರಡಿಸಿ, ನಡುವೆ ಬಾಗಿಸಿ, ಇನ್ನೊಂದು ತುದಿಗೆ ಮುಟ್ಟಿಸುತ್ತಿದ್ದರು. ಭೂಮಿಯೊಳಗೆ ಯಾರೂ ಹೋಗಿಲ್ಲ, ಹೋಗಿ ಬಂದದ್ದು ಈ ಗೆರೆ ಒಂದೇ ಎನ್ನುತ್ತಿದ್ದರು. ಮೂವತ್ತೊಂದು ವೃತ್ತ. ಅಂಥ ಗೆರೆಯೊಂದು ಬಂದು ಮುಟ್ಟುವುದನ್ನು ಅವರು ಕಣ್ಣಾರೆ ಕಂಡದ್ದು ಈಗ. ಚಹಾದ ಕಪ್ಪು ಅವರ ಎದೆಯ ಹತ್ತಿರ ಅಲುಗದೆ ನಿಂತಿತ್ತು. ಕಣ್ಣಿನಿಂದ ಇಳಿದ ನೀರನ್ನು ಒರೆಸಿಕೊಳ್ಳಲೂ ಅವರು ಕೈ ಎತ್ತಲಿಲ್ಲ.

ಇಪ್ಪತ್ತಾರು ನಿಮಿಷ ನಿಂತೆವು. ಗೆರೆ ಮತ್ತೆ ನೂಲಾದ ಮೇಲೆ ಹೆಲ್ಗಾ ಉಸಿರು ಬಿಟ್ಟು, ಪುಸ್ತಕ ತೆರೆದು ಪೆನ್ನು ಕೊಟ್ಟರು. ಮೇಡಂ ತೆಗೆದುಕೊಂಡರು. ಮೇಲಿನ ಸಾಲಿನಲ್ಲಿ ನನ್ನ ಹೆಸರು ಬರೆದರು, ಕೆಳಗಿನದರಲ್ಲಿ ತಮ್ಮದು, ಎರಡೂ ಕನ್ನಡದಲ್ಲಿ. ಬಂದ ಹೊತ್ತು, ಹೋಗುವ ಹೊತ್ತು ನನ್ನನ್ನು ಕೇಳಿ ತುಂಬಿದರು. ಕೊನೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

“ಏನಾದ್ರೂ ಸದ್ದು ಮಾಡಿದ್ವೇನಮ್ಮಾ?”

“ಇಲ್ಲ ಮೇಡಂ.”

ಎರಡೂ ಸಾಲಿಗೆ ಸೇರಿಸಿ ಒಂದು ಆವರಣ ಚಿಹ್ನೆ ಎಳೆದು, ಅದರ ಮುಂದೆ ದುಂಡಗೆ, ಹಲಗೆಯ ಮೇಲೆ ಎಳೆಯುವಷ್ಟೇ ನಿಧಾನವಾಗಿ, ಅವರು ಒಂದು ಸೊನ್ನೆ ಬರೆದರು.